ಘಾಟಿಯಲ್ಲಿ ನಿಂತ ಕಾರು

ಘಾಟಿಯ ತಿರುವಿನಲ್ಲಿ ಹಳೇ ಕಾರಿನ ಬಾನೆಟ್‌ನಿಂದ ಹಬೆ ಎದ್ದಾಗ ಲೋಹಿತ ಕಾರನ್ನು ಬದಿಗೆ ನಿಲ್ಲಿಸಿದ. ಮನೆಯವರಿಗೆ ಹೇಳದೆ ಅವನನ್ನು ಮದುವೆಯಾಗಲು ಹೊರಟುಬಂದಿದ್ದ ಚಂಪಾ ಹಿಂದಿನ ರಸ್ತೆಯನ್ನೇ ನೋಡುತ್ತಿದ್ದಳು.

ಅವನು ಇಳಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಬೈಕೊಂದು ಬಂದು ನಿಂತಿತು.

"ಅಪ್ಪ!" ಎಂದಳು ಚಂಪಾ.

"ಮುಟ್ಟಬೇಡ!" ಅಪ್ಪ ಗದರಿದರು. "ಈಗ ತೆಗೆದ್ರೆ ಕುದಿಯೋ ನೀರು ಮುಖಕ್ಕೆ ಹಾರುತ್ತೆ."

ಎಂಜಿನ್ ತಣಿಯುವವರೆಗೂ ಅಪ್ಪ ಕಾರಿನ ಪಕ್ಕದಲ್ಲೇ ನಿಂತರು. ಇನ್ನೇನು ಏಟು ಬೀಳುತ್ತದೆಂದು ಲೋಹಿತ ಕಾಯುತ್ತಲೇ ಇದ್ದ. ಅವರು ಬಗ್ಗಿ ರೇಡಿಯೇಟರಿನ ರಬ್ಬರ್ ಪೈಪನ್ನು ಬೆರಳಿನಿಂದ ಸವರಿದರು.

"ಇಲ್ಲಿ ತುದೀಲಿ ಸೀಳಿದೆ. ಎಷ್ಟು ನೀರು ಹಾಕಿದ್ರೂ ನಿಲ್ಲಲ್ಲ."

ಸೀಳಿದ ತುದಿಯನ್ನು ಚಾಕುವಿನಿಂದ ಕತ್ತರಿಸಿ, ಪೈಪನ್ನು ಎಳೆದು ಕೂರಿಸಿ, ಕ್ಲಿಪ್ ಬಿಗಿದರು. ರಸ್ತೆ ಬದಿಯ ತೊರೆಯಿಂದ ನೀರು ತಂದು ತುಂಬಿದರು.

"ಅಪ್ಪಾ, ಏನ್ ಮಾಡಿದ್ರೂ ನಾನು ವಾಪಸ್ ಬರಲ್ಲ," ಎಂದಳು ಚಂಪಾ.

ಅವರು ಮಗಳತ್ತ ನೋಡಲಿಲ್ಲ. ಬಾನೆಟ್ ಮುಚ್ಚಿ, ಕೈಯ ಮಸಿಯನ್ನು ಪಂಚೆಗೆ ಒರೆಸಿಕೊಂಡು ಲೋಹಿತನಿಗೆ ಹೇಳಿದರು:

"ಘಾಟಿ ಇಳಿಯೋವರೆಗೂ ಎಲ್ಲೂ ನಿಲ್ಲಿಸ್ಬೇಡ. ಇವಳಣ್ಣಂದಿರು ಜೀಪಲ್ಲಿ ಬರ್ತಿದ್ದಾರೆ, ಅವರನ್ನ ನಾನಿಲ್ಲಿ ತಡೀತೀನಿ."