ಹೆಸರಿಲ್ಲದ ದನಿ

ಗುರುಶಿದ್ದಪ್ಪ ಇವತ್ತೂ ವಿಶ್ವವಿದ್ಯಾಲಯದ ಸಂಶೋಧನಾ ಕೊಠಡಿಯ ಬಾಗಿಲಲ್ಲಿ ನಿಂತಿದ್ದರು. ಹೋದ ವಾರ ಎರಡು ಸಲ ಬಂದು, ಚಿನ್ಮಯೀ ಇಲ್ಲವೆಂದು ಕೇಳಿ, ಹೆಬ್ಬಳ್ಳಿಗೆ ವಾಪಸ್ ಬಸ್ ಹತ್ತಿದ್ದರು. ಅವಳು ಇದ್ದೂ ಇಲ್ಲವೆನ್ನಿಸಿದ್ದಳು.

ಯಾಕೆ ಬಂದಿದ್ದಾರೆಂದು ಅವಳಿಗೆ ಗೊತ್ತಿತ್ತು. ಧಾರವಾಡ ಸೀಮೆಯ ಹೆಂಗಸರ ಮಾತು, ಹಾಡುಗಳನ್ನು ಊರೂರು ತಿರುಗಿ ರೆಕಾರ್ಡ್ ಮಾಡಿ, ಜಗತ್ತಿನ ಯಾವ ಸಂಶೋಧಕರಾದರೂ ಬಳಸಲೆಂದು ಅಂತರ್ಜಾಲದ ಮುಕ್ತ ದತ್ತಾಂಶ ಭಂಡಾರಕ್ಕೆ ಏರಿಸಿದ್ದಳು. ಅದರಲ್ಲಿ ಇವರ ಹೆಂಡತಿ ದಾಕ್ಷಾಯಿಣಿಯ ದನಿಯೂ ಇತ್ತು. ಆಕೆ ಹೋದ ತಿಂಗಳು ತೀರಿಕೊಂಡಿದ್ದರು. ಸತ್ತವಳ ದನಿ ಊರಿಗೆಲ್ಲ ಯಾಕೆ ಹಂಚಿದಿ, ತೆಗೆ ಅನ್ನಲು ಬಂದಿದ್ದಾರೆ. ಭಂಡಾರದ ನಿಯಮದಂತೆ ಒಂದು ಮನೆಯವರು ಒಪ್ಪಿಗೆ ಹಿಂತೆಗೆದರೂ ಸಂಗ್ರಹವನ್ನೆಲ್ಲ ಕೆಳಗಿಳಿಸಬೇಕು. ಅವಳ ಪಿಎಚ್‌ಡಿ ಅಲ್ಲಿಗೇ ನಿಂತಂತೆ.

"ಕೂಡ್ರಿ ಅಜ್ಜಾರ."

"ನಮ್ಮಾಕಿ ಮಾತಾಡಿದ್ದು ಈ ಕಂಪ್ಯೂಟರನ್ಯಾಗ ಐತೇನವ್ವಾ?"

"ಇದರಾಗಷ್ಟ ಅಲ್ರಿ. ಅಜ್ಜಿ ಕಥ್ಯಾಗ ರಾಕ್ಷಸನ ಜೀವ ಏಳು ಸಮುದ್ರದಾಚೆ ಗಿಳಿಯೊಳಗ ಇರ್ತದಲ್ಲ, ಹಂಗ. ಯಾವ್ಯಾವ್ದೋ ದೇಶದಾಗ ಭದ್ರ ಅದ."

"ನನ್ನ ಹೆಸರು?"

ಬಂತು ಅಂದುಕೊಂಡಳು. ಉತ್ತರ ಸಿದ್ಧವಿತ್ತು.

"ಅದರ ಕಾಳಜಿ ಬ್ಯಾಡ್ರಿ. ಯಾರ ಹೆಸರೂ ಹೊರಗ ಬೀಳಬಾರದಂತ ನಿಯಮ ಅದ. ಹೆಸರು ಬಂದಲ್ಲೆಲ್ಲ ಕಂಪ್ಯೂಟರ ಅಳಿಸಿ, ಆ ಜಾಗಾದಾಗ ಸೀಟಿ ಸಪ್ಪಳ ಹಾಕೇದ."

"ಮದಲ ನೀ ಮಷೀನ್ಯಾಗ ಹಿಡದಿದ್ದು?"

"ಅದನ್ನೂ ನಾಶ ಮಾಡೇವ್ರಿ. ಇನ್ನ ನಾನಽ ಹುಡುಕಿದ್ರೂ ಸಿಗಂಗಿಲ್ಲ."

ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಒಮ್ಮಿ ಕೇಳಸು."

ದಾಕ್ಷಾಯಿಣಿಯ ದನಿ ಕೋಣೆ ತುಂಬಿತು. "ಮದಲ ಇವ್ರು ಹಿತ್ತಲಕ ಹೋಗ್ಲಿ. ಇವ್ರ ಮುಂದ ನನಗ ಬಾಯಿ ಬರೂದಿಲ್ಲ." ಬಾಗಿಲು ಕಿರುಗುಟ್ಟಿತು. ಬೀಸುಕಲ್ಲಿನ ಹಾಡು. ಹಾಡು ಮುಗಿದ ಮೇಲೆ ಒಂದು ಒಡಪು:

"ಬಿಸಿ ರೊಟ್ಟಿಮ್ಯಾಲ ಬೆಣ್ಣಿ ಮುದ್ದಿ, ಹೊಲದಿಂದ ಬಂದ್ರು ನನ್ನ..."

ಸೀಟಿ. ಹಿಂದೆಯೇ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕ ನಗು.

"ಇನ್ನೊಮ್ಮಿ."

ಮತ್ತೆ ರೊಟ್ಟಿ, ಬೆಣ್ಣೆ, ಹೊಲ. ಮತ್ತೆ ಸೀಟಿ.

"ನೋಡಿದ್ರಿಲ್ಲ," ಚಿನ್ಮಯೀ ಹಗುರಾಗಿ ಉಸಿರುಬಿಟ್ಟಳು. "ಯಾರಿಗೂ ಗೊತ್ತಾಗಂಗಿಲ್ಲ."

ಗುರುಶಿದ್ದಪ್ಪ ಟೊಪ್ಪಿಗೆ ಹಾಕಿಕೊಂಡು ಎದ್ದರು. "ಲಗ್ನದಾಗ ಎಲ್ಲಾರೂ ಕೂಡಿ ಒಡಪು ಹಾಕಿ ಗಂಡನ ಹೆಸರು ಹೇಳಂದ್ರೂ ಬಾಯಿ ಬಿಡಲಿಲ್ಲವ್ವಾ ಆಕಿ. ಜೀವಮಾನದಾಗ ಹೇಳಲಿಲ್ಲ. ಕಡೀಕ ದವಾಖಾನ್ಯಾಗ ಅಂದ್ಲು, ಆ ಹುಡಿಗಿ ಮಷೀನ್ಯಾಗ ಒಂದ್ಸಲ ಹೇಳೇನಿ, ಹೋಗಿ ಕೇಳ್ರಿ ಅಂತ."