ರಟ್ಟಿನ ಮನೆಯ ಎರಡನೇ ಒಲೆ

ಮಹಡಿಯ ಮೇಲೊಂದು ಅಡುಗೆಮನೆ! ಯಲ್ಲವ್ವ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಸುಳ್ಳಲ್ಲ. ಬೆಂಕಿಪೆಟ್ಟಿಗೆಯಷ್ಟು ಕಟ್ಟೆ, ಅದರ ಮೇಲೆ ಅಂಗಿ ಗುಂಡಿಯಷ್ಟು ಒಲೆ.

ಮೊಮ್ಮಗಳು, ಕಿರಿಮಗನ ಮಗಳು ಶಿವಾನಿ ವಿಜಯಪುರದಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದಳು. ಕಾಲೇಜಿಗೆಂದು ಮನಗೂಳಿಯಲ್ಲಿದ್ದ ತಮ್ಮ ಮನೆಯದೇ ಮಾಡೆಲ್ ಮಾಡಲು ಕೂತಿದ್ದಳು. ದಪ್ಪ ರಟ್ಟು ಕತ್ತರಿಸು, ಫೆವಿಕಾಲ್ ಹಚ್ಚು, ವಾರವಿಡೀ ಪಡಸಾಲೆ ತುಂಬ ಕಸ. ಮುಂದಿನ ಕಟ್ಟೆ, ಪಡಸಾಲೆ, ಕಡಿದಾದ ಮೆಟ್ಟಿಲು ಎಲ್ಲ ಇದ್ದ ಹಾಗೇ ಬಂದಿತ್ತು. ಇವತ್ತು ಮೇಲಿನ ಚಾವಣಿ ತೆಗೆದಿಟ್ಟು ಹುಡುಗಿ ಸ್ನಾನಕ್ಕೆ ಹೋದಾಗ ಯಲ್ಲವ್ವ ಇಣುಕಿದಳು. ಪಿತ್ತ ನೆತ್ತಿಗೇರಿತು.

ಗಂಡ ಸತ್ತಾಗ ಅವಳು ಇಬ್ಬರು ಗಂಡುಮಕ್ಕಳಿಂದ ಕೈಮೇಲೆ ಕೈ ಇಡಿಸಿಕೊಂಡು ಭಾಷೆ ತೆಗೆದುಕೊಂಡಿದ್ದಳು. ತಾನಿರುವ ತನಕ ಈ ಮನೆಯಲ್ಲಿ ಒಂದೇ ಒಲೆ. ಒಲೆ ಬೇರೆಯಾದರೆ ಅಣ್ಣತಮ್ಮಂದಿರು ಬೇರೆಯಾದಂತೆಯೇ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಬೀಗರ ಮುಂದೆ ಅವಳು ತಲೆಯೆತ್ತಿ ಕೂರುತ್ತಿದ್ದುದು ಇದೊಂದರ ಮೇಲೆ. ಮಂಡಿ ಕೈಕೊಟ್ಟು ಮಹಡಿ ಹತ್ತುವುದು ನಿಂತು ಎಷ್ಟೋ ವರ್ಷವಾಗಿತ್ತು. ಆದರೂ ರಾತ್ರಿ ಊಟಕ್ಕೆ ಎಲ್ಲರೂ ಕೆಳಗೆ ಅವಳ ಎದುರೇ ಕೂರಬೇಕು. ಕೂರುತ್ತಿದ್ದರು. ಮಹಡಿಯಲ್ಲಿರುವ ಕಿರಿಮಗ ಅರುಣಕುಮಾರ ಅರ್ಧ ರೊಟ್ಟಿಗೇ ಕೈ ತೊಳೆದು, ಆಫೀಸಿನ ಚಹಾ ಕುಡಿದು ಹಸಿವೇ ಸತ್ತಿದೆ ಎನ್ನುತ್ತಿದ್ದ. ಅವನ ಹೆಂಡತಿ ಸ್ನಾನದ ನೀರು ಕಾಸಲೆಂದು ಮೇಲಕ್ಕೆ ಸಿಲಿಂಡರ್ ಹೊರಿಸಿಕೊಂಡಾಗಲೂ ಯಲ್ಲವ್ವ ತುಟಿಪಿಟಕ್ಕೆಂದಿರಲಿಲ್ಲ.

ಇತ್ತೀಚೆಗೆ ಮಕ್ಕಳು ಮನೆ ದುರಸ್ತಿಯ ಮಾತೆತ್ತಿದ್ದರು. ಯಾಕೆಂದು ಈಗ ತಿಳಿಯಿತು. ಕಳ್ಳರು.

"ಮ್ಯಾಲ ಒಲಿ ಹೂಡು ಅಂತ ಯಾರ ಹೇಳ್ಯಾರ ನಿನಗ?"

ತಲೆ ಒರೆಸುತ್ತ ಬಂದ ಶಿವಾನಿ ನಿಂತಲ್ಲೇ ನಿಂತಳು. "ಅದು ಕಾಲೇಜಿಂದು, ಆಯಿ. ಮುಟ್ಟಬ್ಯಾಡ. ನಾಳೆ ಕೊಡಬೇಕು."

"ನಿಮ್ಮವ್ವ ಕಲಿಸ್ಯಾಳೇನು?"

ಹಿರಿಮಗ ಪರಮಾನಂದ ಪೇಪರ್ ಮಡಿಚಿಟ್ಟು, "ಹೋಗ್ಲಿ ಬಿಡಬೇ ಯವ್ವಾ, ರಟ್ಟಿನ ಮನಿ ಮ್ಯಾಲ್ಯಾಕ ಸಿಟ್ಟು?" ಎಂದ. ಅವನ ಹೆಂಡತಿ ಸೆರಗು ಸರಿಮಾಡಿಕೊಂಡು ಒಳಗೆ ಸರಿದಳು.

"ರಟ್ಟಿಂದಾದ್ರೂ ನನ್ನ ಮನಿ ಐತಿ. ನಾ ಸತ್ತ ಮ್ಯಾಲ ಏನರ ಕಟ್ಕೋರಿ."

ಯಲ್ಲವ್ವ ಕೈಹಾಕಿ ಆ ಪುಟ್ಟ ಅಡುಗೆಮನೆಯನ್ನು ಕಿತ್ತಳು. ಗೋಡೆಯೂ ಅದರ ಜೊತೆಗೇ ಬಂತು. ಮೆಟ್ಟಿಲು ಮುರಿಯಿತು. ಹುಡುಗಿಯ ಒಂದು ವಾರದ ದುಡಿಮೆ ನೆಲದ ಮೇಲೆ ಬಿತ್ತು.

ಸದ್ದು ಕೇಳಿ ಅರುಣಕುಮಾರ ಮಹಡಿಯಿಂದ ಓಡಿ ಬಂದ. ಮಗಳ ಮುಖ ನೋಡಿದವನೇ, "ಶಿವಾನಿ, ಸುಮ್ಮನಿರು" ಎಂದ.

ಸುಮ್ಮನಿದ್ದೂ ಸುಮ್ಮನಿದ್ದೂ ಅವಳಿಗೂ ಸಾಕಾಗಿಹೋಗಿತ್ತು.

"ಆಯಿ, ನಮ್ಮ ಸರ್ ಹೊಸಾ ಮನಿ ಮಾಡ್ರಿ ಅಂದಿಲ್ಲ. ಇದ್ದ ಮನಿ ಅಳತಿ ಹಿಡದು, ಇದ್ದಂಗ ಮಾಡ್ಕೊಂಡು ಬರ್ರಿ ಅಂದಾರ."