ಹತ್ತಬಾರದ ಗೋಪುರ

ಬೊಲೊನ್ಯದ ದೊಡ್ಡ ಗೋಪುರ ಹತ್ತುವ ಟಿಕೆಟ್ಟನ್ನು ಯೋಸ್ಟ್ ಊಟದ ಮೇಜಿನ ಮೇಲೆ ನೆರೀನಾಳ ಕಡೆಗೆ ಸರಿಸಿದ. "ನೀವೇ ಹೋಗ್ಬನ್ನಿ ಸಿನ್ಯೋರಾ, ನಂಗ್ಯಾಕೋ ಮನಸ್ಸೇ ಇಲ್ಲ" ಅಂದವನು ಮತ್ತೆ ತೊರ್ತೆಲ್ಲೀನಿ ಕಡುಬಿನ ಸಾರಿನ ಬಟ್ಟಲಿಗೆ ಚಮಚ ಇಳಿಸಿದ.

ಬೆನ್ನಿಗೊಂದು ಚೀಲ ಏರಿಸಿಕೊಂಡು ಹಾಲೆಂಡಿನಿಂದ ಊರು ನೋಡಲು ಹೊರಟ ಹುಡುಗ. ನೆರೀನಾ ಬಾಡಿಗೆಗೆ ಕೊಡುವ ಕೋಣೆಯಲ್ಲಿ ಎರಡು ರಾತ್ರಿ ಮಲಗಿದ್ದ. ಊರು ಹೇಗಿದೆ ಅಂದರೆ ಪರವಾಗಿಲ್ಲ ಅನ್ನುತ್ತಿದ್ದ. ಬೀದಿ ಬೀದಿಯ ಕಮಾನುಗಳ ಕೆಳಗೆ ದಿನವಿಡೀ ನಡೆದವನಿಗೆ ಹೇಳಲಿಕ್ಕಿದ್ದದ್ದು ಬಿಸಿಲು ತಾಗಲಿಲ್ಲ ಅನ್ನುವುದೊಂದೇ. ಚೌಕದ ದೊಡ್ಡ ಇಗರ್ಜಿಯ ಮುಂಭಾಗ ಅರ್ಧಕ್ಕೇ ನಿಂತಿದೆಯಲ್ಲ, ಇನ್ನೂ ಕಟ್ಟುತ್ತಿದ್ದಾರಾ ಅಂತ ಕೇಳಿದ್ದ. ತನ್ನ ಊರನ್ನು ಹೀಗೆ ತಂಗಳನ್ನದ ಹಾಗೆ ಮುಟ್ಟಿ ಬಿಡುವವರನ್ನು ಕಂಡರೆ ನೆರೀನಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಹೊರಡುವ ದಿನ ಹುಡುಗ ಹಸಿದು ಹೋಗಬಾರದೆಂದು ಮೇಜಿಗೆ ಕರೆದಿದ್ದಳು.

"ನಾನು ಹತ್ತೋ ಹಾಗಿಲ್ಲ ಮಗಾ."

"ಮಂಡಿನೋವಾ?"

"ಮಂಡಿ ಕಲ್ಲಿನ ಹಾಗೆ ಗಟ್ಟಿಯಾಗಿದೆ. ನನ್ನ ಓದು ಮುಗಿದಿಲ್ಲ."

ಯೋಸ್ಟ್ ಚಮಚ ಕೆಳಗಿಟ್ಟ. ನೆರೀನಾ ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಓದುವವರು ಪದವಿ ಸಿಗುವ ಮೊದಲು ಆ ಗೋಪುರ ಹತ್ತಬಾರದು. ಹತ್ತಿದರೆ ಪದವಿ ಜನ್ಮದಲ್ಲಿ ಸಿಗುವುದಿಲ್ಲ. ಇದೆಲ್ಲ ಮೂಢನಂಬಿಕೆ ಅಂತ ಎಲ್ಲರೂ ನಗುತ್ತಾರೆ, ಆದರೆ ಹತ್ತಲು ಮಾತ್ರ ಧೈರ್ಯ ಮಾಡುವುದಿಲ್ಲ. ನೆರೀನಾ ಕಾನೂನು ಓದುತ್ತಿದ್ದಳು. ಕೊನೆಯ ಪ್ರಬಂಧವೊಂದು ಬಾಕಿ ಇದ್ದಾಗ ಅಮ್ಮನಿಗೆ ಲಕ್ವ ಹೊಡೆಯಿತು. ಮುಂದಿನ ವರ್ಷ ಬರೆದರಾಯಿತು ಅಂದುಕೊಂಡಳು. ಅದರ ಮುಂದಿನ ವರ್ಷವೂ ಹಾಗೇ ಅಂದುಕೊಂಡಳು. ಜೊತೆಯವರು ಮಾತ್ರ ಒಬ್ಬೊಬ್ಬರಾಗಿ ಗೆದ್ದು ಬಂದರು. ಒಂದು ಸಂಜೆ ಅವರೆಲ್ಲ ತಲೆಗೆ ಪದವಿ ಪಡೆದವರ ಹಸಿರೆಲೆಯ ಕಿರೀಟ ಇಟ್ಟುಕೊಂಡು, ಹಾಡಿಕೊಂಡು, ಗೋಪುರ ಹತ್ತಿದರು. ಅವರ ಕೋಟುಗಳನ್ನೆಲ್ಲ ಹೊತ್ತುಕೊಂಡು ಇವಳು ಕೆಳಗೆ ನಿಂತಿದ್ದಳು. ಇವಳು ಮನಸ್ಸಿಟ್ಟಿದ್ದ ಉಲಿಸ್ಸೆ ತುದಿಗೆ ಹೋಗಿ ಅಲ್ಲಿಂದ ಅವಳ ಹೆಸರು ಹಿಡಿದು ಕೂಗಿದ. ಬೀದಿಗೆ ಬೀದಿಯೇ ಕತ್ತೆತ್ತಿ ನೋಡಿತು. ಕೋಟುಗಳ ರಾಶಿಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕದ್ದು ಅವಳಿಗೆ ಈಗಲೂ ನೆನಪಿದೆ. ಆಮೇಲೆ ಉಲಿಸ್ಸೆ ಮಿಲಾನಿಗೆ ಹೋದ, ಅಲ್ಲೇ ಮದುವೆಯಾದ. ಗೋಪುರದ ಬುಡದ ಆ ಸಂಜೆಯಷ್ಟು ಸುಖ ಅವಳ ಬಾಳಿನಲ್ಲಿ ಮತ್ತೆ ಬರಲಿಲ್ಲ.

"ಹಾಗಾದ್ರೆ ಈಗ ಬರೀತೀರಾ, ಆ ಪ್ರಬಂಧ?" ಯೋಸ್ಟ್ ಕೇಳಿದ.

ಹಂಗಿಸಲಿಕ್ಕೆ ಕೇಳಿದ್ದರೆ ಎರಡು ಮಾತು ಬೈದು ಸುಮ್ಮನಾಗಬಹುದಿತ್ತು. ಹುಡುಗ ನಿಜವಾಗಿಯೇ ಕೇಳಿದ್ದ. ನೆರೀನಾ ಟಿಕೆಟ್ಟನ್ನು ಮೇಜಿನ ಮೇಲೆ ಅವನ ಕಡೆಗೇ ತಳ್ಳಿದಳು. ಎಪ್ಪತ್ತು ದಾಟಿದ ಮೇಲೂ, ಗೋಪುರ ಹತ್ತದೆ ಇರುವಷ್ಟು ದಿನ, ಅವಳು ಓದುತ್ತಿರುವ ಹುಡುಗಿಯೇ. ಹತ್ತಿದಳೋ, ಮುಗಿಯಿತು. ನೀನು ವಕೀಲೆ ಆಗುವುದಿಲ್ಲ ಕಣೇ ಅಂತ ತನಗೆ ತಾನೇ ಹೇಳಿಕೊಂಡಂತೆ. ಅಷ್ಟು ವರ್ಷ ಗೋಪುರದ ಬುಡದಲ್ಲೇ ತರಕಾರಿ ಚೀಲ ಹಿಡಿದು ಓಡಾಡಿದವಳು ಒಮ್ಮೆಯೂ ಆ ಬಾಗಿಲ ಕಡೆ ತಿರುಗಿರಲಿಲ್ಲ.

ಯೋಸ್ಟ್ ಚೀಲ ಬೆನ್ನಿಗೇರಿಸುತ್ತ ಹೇಳಿದ, "ನಾನೂ ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟೋನು. ಬಿಟ್ಟೆ ಅಂತ ಬಾಯ್ಬಿಟ್ಟು ಹೇಳೋ ತನಕ ನಿದ್ದೇನೇ ಬರ್ತಿರ್ಲಿಲ್ಲ. ಹೇಳಿದ್ಮೇಲೆ ಮೂರು ದಿನ ಎದ್ದೇ ಇಲ್ಲ." ಕೈ ಕುಲುಕಿ, ವೆನಿಸ್ ರೈಲಿಗೆ ಹೊತ್ತಾಯಿತೆಂದು ಹೊರಟುಹೋದ. ಟಿಕೆಟ್ಟು ಮೇಜಿನ ಮೇಲೇ ಉಳಿಯಿತು.

ನೆರೀನಾ ಬಟ್ಟಲು ತೊಳೆದಳು. ತೊಳೆದ ಬಟ್ಟಲನ್ನೇ ಇನ್ನೊಮ್ಮೆ ತೊಳೆದಳು. ದುಡ್ಡು ಕೊಟ್ಟ ಟಿಕೆಟ್ಟು ದಂಡವಾಗುತ್ತಲ್ಲ ಅಂತ ಗೊಣಗಿದಳು. ಟಿಕೆಟ್ಟಿನ ನೆಪವೇ ಸುಳ್ಳು ಅಂತ ಅವಳಿಗೂ ಗೊತ್ತಿತ್ತು. ಕೊನೆಗೆ ಒಳ್ಳೆಯ ಕೋಟನ್ನೇ ತೊಟ್ಟು ಕೆಳಗಿಳಿದಳು.

ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದ ಹುಡುಗಿ, ಮರದ ಮೆಟ್ಟಿಲು ಸವೆದಿವೆ, ಹುಷಾರಾಗಿ ಹತ್ತಿ ಅಜ್ಜಿ ಅಂದಳು. ನೆರೀನಾ ಕುಳಿತು, ಎದ್ದು, ಉಬ್ಬಸಪಡುತ್ತ ಹತ್ತಿದಳು. ತುದಿಗೆ ಬಂದು ಕಂಬಿ ಹಿಡಿದು ಕಣ್ಣು ತೆರೆದರೆ, ಇಡೀ ಬೊಲೊನ್ಯ ಸಂಜೆ ಬಿಸಿಲಿನಲ್ಲಿ ಕೆಂಪಗೆ ಹರಡಿಕೊಂಡಿತ್ತು. ಆಚೆಗೆ ಗುಡ್ಡಗಳು, ಇನ್ನೂ ಆಚೆಗೆ ಬಯಲು. ಅಮ್ಮ ಮಲಗಿರುತ್ತಿದ್ದ ಕೋಣೆಯ ಕಿಟಕಿ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಕಂಡಿತು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಪದವಿಗಾಗಿ ಅತ್ತಳೋ, ಈ ಚೆಂದಕ್ಕೆ ಅತ್ತಳೋ, ಅವಳಿಗೂ ತಿಳಿಯಲಿಲ್ಲ. ಅಂದು ಇಳಿದು ಬಂದ ಉಲಿಸ್ಸೆಯನ್ನು ಮೇಲೆ ಹೇಗಿತ್ತು ಅಂತ ಆಸೆಯಿಂದ ಕೇಳಿದ್ದಳು. ಅವನು ಅವಳ ಕೈಯಿಂದ ಕೋಟು ತೆಗೆದುಕೊಳ್ಳುತ್ತ, ಏನೂ ಇಲ್ಲ, ಬರೀ ಗಾಳಿ ಅಂದಿದ್ದ. ಮಿಕ್ಕವರೂ ಒಬ್ಬರಾದ ಮೇಲೊಬ್ಬರು ಅದನ್ನೇ ಹೇಳಿದ್ದರು. ಎಂಥ ಸುಳ್ಳರು, ಎಂಥ ಒಳ್ಳೆಯವರು ಅಂದುಕೊಂಡಳು.

ಇಳಿದು ಬಂದಾಗ ಬಾಗಿಲ ಹುಡುಗಿ ನೀರಿನ ಬಾಟಲಿ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡಳು. "ಮೇಲೆ ಹೇಗಿದೆ ಅಜ್ಜಿ? ವರ್ಷದಿಂದ ಇಲ್ಲೇ ಟಿಕೆಟ್ ಹರೀತಿದೀನಿ, ಒಂದಿನಾನೂ ಹತ್ತಿಲ್ಲ. ಇನ್ನೊಂದು ಪರೀಕ್ಷೆ ಬಾಕಿ ಇದೆ. ಪಾಸಾಗ್ತೀನೋ ಇಲ್ವೋ."

ನೆರೀನಾ ಒದ್ದೆ ಮುಖವನ್ನು ಕೋಟಿನ ತೋಳಿಗೆ ಒರೆಸಿಕೊಂಡಳು.

"ಏನೂ ಇಲ್ಲ ಕಣೇ," ಅಂದಳು. "ಬರೀ ಗಾಳಿ. ಕಣ್ಣಲ್ಲಿ ನೀರು ಬರುತ್ತೆ, ಅಷ್ಟೇ."